ಪುಟ್ಟನ ಬಲಗೈ

1/3

ಮೊದಲನೇ ಫೋಟೋದಲ್ಲಿರೋ ಗಂಗಾಳ ನೋಡಿದ್ರಾ? ಅಂಚು ಎತ್ತರ, ಒಂದು ಕಡೆ ಸ್ವಲ್ಪ ನೆಗ್ಗಿದೆ. ನಮ್ಮಜ್ಜಿದು. ಅದರ ಕಥೆಗೆ ಕೊನೇಲಿ ಬರ್ತೀನಿ. ಮೊದ್ಲು ನಾನು ಮಾಡಿದ ಒಂದು ತಪ್ಪು ಹೇಳ್ಬೇಕು. ಕ್ಲಾಸಲ್ಲಿ ಯಾರಿಗೂ ಹೇಳಿಲ್ಲ.

ಸೊರಬದ ಹತ್ರ ಒಂದು ಹಳ್ಳೀಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಅವರ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಮನೇಲಿ ಎಲ್ರಿಗೂ ಅವನು ಪುಟ್ಟ. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಊರಲ್ಲಿ ಪೋಲಿಯೋ ಅಂತಾರೆ, ಅದಲ್ಲ. ಪೋಲಿಯೋ ವೈರಸ್ಸಿಂದ ಬರೋದು. ಇದು ಹುಟ್ಟೋಕೆ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲಕ್ಕೋ ಬೆಳೀತಿರೋ ಮೆದುಳಿಗೆ ಪೆಟ್ಟಾಗಿ ಬರೋದು. ಆ ಪೆಟ್ಟು ದೊಡ್ಡದಾಗ್ತಾ ಹೋಗಲ್ಲ, ಆದ್ರೆ ಮೈ ಬೆಳೆದ ಹಾಗೆ ಸ್ನಾಯು, ಕೀಲು ಇನ್ನೂ ಬಿಗಿಯಾಗಬಹುದು. ಪುಟ್ಟಂಗೆ ಬಲಗಡೆ ಬಿಗಿ. ನಡೀತಾನೆ, ಬಲಗಾಲು ಮಾತ್ರ ತುದಿಬೆರಳಲ್ಲಿ. ಮಾತು ನಮ್ಮೆಲ್ಲರಿಗಿಂತ ಜಾಸ್ತಿ.

ಹೋದ ವರ್ಷ ಅವನಿಗೆ ಯುಡಿಐಡಿ ಕಾರ್ಡ್ ಮಾಡಿಸೋಕೆ ಹೊರಟ್ವಿ. 2016ರ ಕಾಯ್ದೆ ಪಟ್ಟಿ ಮಾಡಿರೋ 21 ಬಗೆಯ ಅಂಗವೈಕಲ್ಯದಲ್ಲಿ ಸೆರೆಬ್ರಲ್ ಪಾಲ್ಸಿನೂ ಒಂದು. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಮೀಸಲಾತಿ, ಮಾಸಾಶನ ಇಂಥದ್ದಕ್ಕೆಲ್ಲ ದಾರಿ. ಪಕ್ಕದ ಮನೆಯೋರು ಬಂದು, "ಅಲ್ಲಿ ಎಲ್ಲಾ ಮಾಡಿ ತೋರಿಸಿದ್ರೆ ಪರ್ಸೆಂಟೇಜ್ ಕಡಿಮೆ ಹಾಕ್ತಾರೆ ನೋಡು" ಅಂದ್ರು. ಮನೇಲಿ ಓದ್ತಿರೋಳು ನಾನೊಬ್ಳೇ ಅಲ್ವಾ, ಜವಾಬ್ದಾರಿ ನಂದಾಯ್ತು. ಬಸ್ಸಲ್ಲಿ ಪುಟ್ಟನ್ನ ತೊಡೆ ಮೇಲೆ ಕೂರಿಸ್ಕೊಂಡು ಹೇಳಿಕೊಟ್ಟೆ: "ಆಸ್ಪತ್ರೇಲಿ ಬಲಗೈ ಬಿಚ್ಚಬೇಡ. ಏನು ಕೊಟ್ರೂ ಹಿಡೀಬೇಡ."

ಡಾಕ್ಟರಿಗೆ ನಮ್ಮ ನಾಟಕ ಬೇಕಾಗೇ ಇರಲಿಲ್ಲ. ಕೈ ಮಡಚಿ, ಬಿಡಿಸಿ, ಕೀಲು ಎಷ್ಟು ತಿರುಗುತ್ತೆ ಅಂತ ನೋಡಿ ಬರ್ಕೊಂಡ್ರು. ಕಾರ್ಡ್ ಬಂತು. ನಾನು ಮರೆತೆ. ಪುಟ್ಟ ಮರೀಲಿಲ್ಲ.

2/3

ಈ ವರ್ಷ ಅವರ ಶಾಲೆಯಿಂದ ಥೆರಪಿಗೆ ಕರ್ಕೊಂಡು ಹೋಗಿ ಅಂದ್ರು. ಚಿಕ್ಕಮ್ಮ, ಪುಟ್ಟ ಹಿಂದಿನ ದಿನಾನೇ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ನಮ್ಮನೆಗೆ ಬಂದ್ರು. ಬೆಳಿಗ್ಗೆ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸಿಗೇ ಕಾದ್ವಿ. ನಂಗೂ ಚಿಕ್ಕಮ್ಮಂಗೂ ಶಕ್ತಿ ಯೋಜನೇಲಿ ಫ್ರೀ, ಪುಟ್ಟಂಗೆ ಅರ್ಧ ಟಿಕೆಟ್. "ನಾನೊಬ್ನೇ ದುಡ್ಡು ಕೊಟ್ಟು ಬಂದಿದೀನಿ" ಅಂತ ದಾರಿಯುದ್ದಕ್ಕೂ ಜಂಭ.

ಆಕ್ಯುಪೇಷನಲ್ ಥೆರಪಿ ಅಂದ್ರೆ ಏನೋ ಕೆಲಸ ಕಲಿಸೋದು ಅಂದ್ಕೊಂಡಿದ್ದೆ. ಅಲ್ಲಿ ಆಕ್ಯುಪೇಷನ್ ಅಂದ್ರೆ ನೌಕರಿ ಅಲ್ಲ. ಉಣ್ಣೋದು, ಅಂಗಿ ಹಾಕೋದು, ಆಡೋದು, ಬರೆಯೋದು, ಹೀಗೆ ದಿನಾ ಮಾಡೋದೆಲ್ಲ ಸೇರುತ್ತೆ. ಥೆರಪಿಸ್ಟ್ ಮೇಡಂ ಚಾಪೆ ಮೇಲೆ ಕೂತು ಸ್ಟೀಲ್ ಡಬ್ಬಿ, ಪೋಣಿಸೋ ಮಣಿ, ಕಾಲುಚೀಲ, ಸುತ್ತಿದ ಚಾಕೊಲೇಟ್ ಹರಡಿದ್ರು. ಜೊತೆಗೆ ಚಿಕ್ಕಮ್ಮನ ಹತ್ರ ಪ್ರಶ್ನೆ. ಯಾರು ಸ್ನಾನ ಮಾಡಿಸ್ತಾರೆ? ನೆಲದ ಮೇಲೆ ಹೇಗೆ ಕೂರ್ತಾನೆ? ಬಚ್ಚಲಿಗೆ ಮೆಟ್ಟಿಲಿದೆಯಾ?

"ಎಲ್ಲಾ ನಾನೇ ಮಾಡ್ತೀನಿ ಮೇಡಂ."

"ಅವನಿಗೆ ಆಗಲ್ಲ ಅಂತಾನಾ, ಸ್ಕೂಲಿಗೆ ಲೇಟಾಗುತ್ತೆ ಅಂತಾನಾ?"

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಮೆಲ್ಲಗೆ, "ಲೇಟಾಗುತ್ತೆ" ಅಂದ್ರು. ಊಟದ ಪ್ರಶ್ನೆ ಬಂದಾಗ ಇನ್ನೊಂದು ಹೊರಗೆ ಬಂತು. ಎಡಗೈಲಿ ಉಣ್ಣಬಾರದು ಅಂತ ಅಜ್ಜಿ ಬೈತಾರೆ. ಬಲಗೈಲಿ ಆಗಲ್ಲ. ಹಾಗಾಗಿ ಏಳು ವರ್ಷದಿಂದ ಬಾಯಿಗೆ ತುತ್ತು ಇಡ್ತಿರೋದು ಚಿಕ್ಕಮ್ಮ.

ಇಷ್ಟೆಲ್ಲ ಆಗುವಾಗ ಪುಟ್ಟ ಡಬ್ಬಿ ಮುಚ್ಚಳಾನ ಎಡಗೈಲೇ ಕೆರೀತಾ ಇದ್ದ. ಬಲಗೈ ಎದೆಗೆ ಒತ್ತಿಟ್ಕೊಂಡಿದ್ದ. ಮನೇಲಿ ಅವನು ಡಬ್ಬಿಯನ್ನ ಬಲಮೊಣಕೈ ಕೆಳಗೆ ಅದುಮಿ ಮುಚ್ಚಳ ತೆಗೀತಾನೆ, ಬಿಸ್ಕೆಟ್ ಡಬ್ಬಿ ಆದ್ರಂತೂ ಎರಡು ಸೆಕೆಂಡು! ಮೇಡಂ ಮೂರು ಸಲ ಕೇಳಿದ್ರು, "ಆ ಕೈನೂ ಸಹಾಯಕ್ಕೆ ಕರಿ ಪುಟ್ಟ."

ಅವನು ನನ್ನ ಮುಖ ನೋಡಿದ. "ಅಕ್ಕ ಹೇಳಿದ್ದಾಳೆ, ಆಸ್ಪತ್ರೇಲಿ ಬಿಚ್ಚಬಾರದು ಅಂತ."

ಆಡಿಟಿಂಗ್ ಓದಿರೋರಿಗೆ ಸೀಕ್ರೆಟ್ ರಿಸರ್ವ್ ನೆನಪಿರಬಹುದು. ಇರೋ ಆಸ್ತೀನ ಕಡಿಮೆ ಬೆಲೆಗೆ ತೋರಿಸಿ ಬಚ್ಚಿಡೋದು. ಐದು ಮಾರ್ಕ್ಸಿಗೆ ಬರೆದು ಬಂದಿದ್ದೆ. ಅದನ್ನೇ ಒಬ್ಬ ಹುಡುಗನ ಕೈ ಮೇಲೆ ಮಾಡಿದ್ದೆ.

ಎಲ್ಲಾ ಹೇಳಿದೆ. ಮೇಡಂ ಬೈತಾರೆ ಅಂದ್ಕೊಂಡೆ, ಬೈಲಿಲ್ಲ. "ಇಲ್ಲಿ ಯಾರೂ ಪರ್ಸೆಂಟೇಜ್ ಹಾಕಲ್ಲ" ಅಂತ ಪುಟ್ಟಂಗೇ ಹೇಳಿದ್ರು, ನಂಗಲ್ಲ. ಪುಟ್ಟ ಇನ್ನೂ ನನ್ನೇ ನೋಡ್ತಿದ್ದ. "ಬಿಚ್ಚು ಪುಟ್ಟ" ಅಂದೆ. ಗಂಟಲು ಕಟ್ಟಿತ್ತು.

3/3

ಫೈಲಲ್ಲಿ ಮ್ಯಾಕ್ಸ್ ಅಂತ ಬರೆದು ಪಕ್ಕದಲ್ಲಿ 3 ಅಂತ ಹಾಕಿದ್ರು. ಮಾರ್ಕ್ಸ್ ಅಂದ್ಕೊಂಡು ಗಾಬರಿ ಆಯ್ತು. ಮನೆಗೆ ಬಂದು ಹುಡುಕಿ ಓದಿದೆ. ಮ್ಯಾನ್ಯುಯಲ್ ಎಬಿಲಿಟಿ ಕ್ಲಾಸಿಫಿಕೇಶನ್ ಸಿಸ್ಟಮ್, ಸ್ವೀಡನ್ನಿನಲ್ಲಿ ರೂಪುಗೊಂಡು 2006ರಲ್ಲಿ ಪ್ರಕಟವಾಗಿದ್ದು, 4ರಿಂದ 18 ವರ್ಷದ ಮಕ್ಕಳಿಗೆ. ಒಟ್ಟು ಐದು ಹಂತ. ಒಂದನೇ ಹಂತದ ಮಗು ವಸ್ತುಗಳನ್ನ ಸಲೀಸಾಗಿ ಬಳಸುತ್ತೆ, ಐದನೇದಕ್ಕೆ ಹಿಡಿಯೋಕೇ ಆಗಲ್ಲ. ಮೂರು ಅಂದ್ರೆ ಕಷ್ಟಪಟ್ಟು ಮಾಡ್ತಾನೆ, ಯಾರಾದ್ರೂ ವಸ್ತು ಸಿದ್ಧ ಮಾಡಿ ಕೊಡ್ಬೇಕು. ನಡಿಗೆ, ಓಡಾಟಕ್ಕೂ ಇಂಥದ್ದೇ ಐದು ಹಂತದ್ದು ಇನ್ನೊಂದಿದೆ, 1997ರದ್ದು.

ನನ್ನನ್ನ ತಡೆದು ನಿಲ್ಲಿಸಿದ್ದು ಒಂದು ವಿಷಯ. ಮ್ಯಾಕ್ಸ್ ಬಲಗೈ ಎಷ್ಟು, ಎಡಗೈ ಎಷ್ಟು ಅಂತ ಬೇರೆ ಬೇರೆ ಅಳೆಯಲ್ಲ, ಎರಡೂ ಸೇರಿ ಏನು ಮಾಡುತ್ತೆ ಅಂತ ನೋಡುತ್ತೆ. ಅದೂ ಒಂದು ದಿನ ಮಗು ತೋರಿಸೋ ಅತ್ಯುತ್ತಮ ಆಟ ಅಲ್ಲ, ಮನೇಲಿ, ಶಾಲೇಲಿ ಸಾಮಾನ್ಯವಾಗಿ ಮಾಡೋದು. ಅದಕ್ಕೇ ಮಗುವನ್ನ ಚೆನ್ನಾಗಿ ಬಲ್ಲವರನ್ನ ಕೇಳ್ಬೇಕು. ಅಂದ್ರೆ ನಾವು ಸುಳ್ಳು ಹೇಳಿದ್ರೆ ಅಲ್ಲಿಗೆ ಮುಗೀತು.

ಮೇಡಂ ಕೊನೆಗೆ ಪುಟ್ಟನ್ನೇ ಕೇಳಿದ್ರು, "ನಿಂಗೆ ಏನು ಮಾಡೋಕೆ ಬರಬೇಕು?" ಬರೆಯೋದು ಅಂತಾನೆ ಅಂತ ನಾವಿಬ್ರೂ ಅಂದ್ಕೊಂಡ್ವಿ. ಅವನು ಅಂದಿದ್ದು, "ಬಿಸಿಯೂಟದ ತಟ್ಟೆ ನಾನೇ ತಗೊಂಡು ಬರಬೇಕು." ಶಾಲೇಲಿ ಅವನನ್ನ ಗೋಡೆ ಪಕ್ಕ ಕೂರಿಸಿ ಬೇರೆ ಹುಡುಗರು ತಟ್ಟೆ ತಂದುಕೊಡ್ತಾರಂತೆ. ಪ್ರೀತಿಯಿಂದಾನೇ. ಅವನಿಗೆ ಸಾಲಲ್ಲಿ ನಿಂತು ತಳ್ಳಾಡಬೇಕಂತೆ!

ಹಾಗಾಗಿ ಗುರಿ ಅದೇ ಆಯ್ತು. ತಟ್ಟೆಗೆ ಅಂಚು ಎತ್ತರ ಇರ್ಬೇಕು, ಬಲಮುಂಗೈ ಮೇಲೆ ಇಟ್ಟು ಹೊಟ್ಟೆಗೆ ಒತ್ಕೋಬೇಕು, ಎಡಗೈಲಿ ಅಂಚು ಹಿಡೀಬೇಕು. ಮೊದ್ಲು ಖಾಲಿ ತಟ್ಟೆ, ಆಮೇಲೆ ಒಣಗಿದ ಜೋಳದ ಕಾಳು, ಆಮೇಲೆ ಅನ್ನ, ಕೊನೆಗೆ ಸಾರು. ಎಡಗೈಲಿ ಚಮಚ ಹಿಡಿದು ಉಣ್ಣಲಿ ಅಂತಾನೂ ಚೀಟೀಲಿ ಬರೆದುಕೊಟ್ರು. ಅಜ್ಜಿಗೆ ಅದನ್ನ ಓದಿ ಹೇಳಿದ್ದು ನಾನು. ಅಜ್ಜಿ ಆ ಹೊತ್ತಿಗೆ ಏನೂ ಅನ್ನಲಿಲ್ಲ, ಮುಖ ತಿರುಗಿಸಿಕೊಂಡ್ರು. ಎರಡು ದಿನ ಬಿಟ್ಟು ಅಟ್ಟದಿಂದ ಈ ಗಂಗಾಳ ಇಳಿಸಿ, ಹುಣಸೇಹಣ್ಣು ಹಾಕಿ ತಿಕ್ಕಿ ಕೊಟ್ಟು ಕಳಿಸಿದ್ರು.

ನೆಗ್ಗಿರೋದು ಮೊದಲನೇ ವಾರದ್ದು. ನಿನ್ನೆ ಸಂಜೆ ಪುಟ್ಟ ವಿಡಿಯೋ ಕಾಲ್ ಮಾಡಿದ್ದ.

"ಅಕ್ಕಾ, ಇವತ್ತು ಅನ್ನ ಚೆಲ್ಲಲಿಲ್ಲ. ಬರೀ ಸಾರು ಚೆಲ್ತು."

"ಯಾರ ಮೇಲೆ?"

"ಮೇಷ್ಟ್ರ ಚಪ್ಪಲಿ ಮೇಲೆ."