2024: ನಮ್ಮ ಕಿವಿಯಲ್ಲಿ ಉಳಿದ ಮೆಟಲ್

ಗಂಗೂಬಾಯಿ ಹಾನಗಲ್ಲರ ಊರಿನಲ್ಲಿ ಹೆವಿ ಮೆಟಲ್ ಕೇಳುತ್ತೇವೆ ಅಂದರೆ ಜನ ನಗುತ್ತಾರೆ. ನಗಲಿ. ಟಾನ್ಸಿಲ್ ಆಪರೇಷನ್ ಆದಮೇಲೆ ಗಂಗೂಬಾಯಿಯವರ ದನಿ ಗಂಡುದನಿಯಂತೆ ಗಡಸಾಯಿತು; ಆ ದನಿಯನ್ನೇ ಈ ಊರು ತಲೆಮೇಲೆ ಹೊತ್ತುಕೊಂಡಿತು. ಹಾಗಾಗಿ ಗಡಸು ಗಂಟಲಿನ ಬಗ್ಗೆ ನಮಗೆ ಸಂಕೋಚವಿಲ್ಲ.

ನಾವು ಅಂದರೆ ಅಣ್ಣ, ತಮ್ಮ ಇಬ್ಬರು. ಅಣ್ಣನದು ಧಾರವಾಡದಲ್ಲಿ ಕೋರ್ಟಿನ ಸಮೀಪ ಡಿಟಿಪಿ, ಝೆರಾಕ್ಸ್ ಅಂಗಡಿ. ತಮ್ಮನದು ಸುದ್ದಿಗೆ ಇಷ್ಟು ಅಂತ ಎಣಿಸಿಕೊಡುವ ಸ್ಟ್ರಿಂಗರ್ ಕೆಲಸ. ರಾತ್ರಿ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವಾಗ ಒಂದೇ ಇಯರ್‌ಫೋನ್, ಇಬ್ಬರಿಗೂ ಒಂದೊಂದು ಕಿವಿ.

ಮಾರ್ಚ್‌ನಲ್ಲಿ ಜೂಡಾಸ್ ಪ್ರೀಸ್ಟ್‌ನ ‘ಇನ್‌ವಿನ್ಸಿಬಲ್ ಶೀಲ್ಡ್’ ಬಂತು. ರಾಬ್ ಹ್ಯಾಲ್‌ಫರ್ಡ್‌ಗೆ ಆಗ 72 ವರ್ಷ. ಗಿಟಾರಿನ ಗ್ಲೆನ್ ಟಿಪ್ಟನ್‌ಗೆ ಪಾರ್ಕಿನ್ಸನ್. ಆದರೂ ಕೇಳಿದರೆ ಯಾರದೋ ಮೊದಲ ಆಲ್ಬಂ ಅನ್ನಬೇಕು, ಅಷ್ಟು ಹಸಿವು. ಬ್ರೂಸ್ ಡಿಕಿನ್ಸನ್ 19 ವರ್ಷದ ಮೇಲೆ ತಂದ ಸೋಲೋ ಆಲ್ಬಂ ಎರಡು ಸಲ ಕೇಳಿ ಬಿಟ್ಟೆವು. ಡೀಪ್ ಪರ್ಪಲ್‌ನದು ಪರವಾಗಿಲ್ಲ, ಹೊಸ ಗಿಟಾರಿಗ ಸೈಮನ್ ಮೆಕ್‌ಬ್ರೈಡ್ ಮುದುಕರನ್ನು ಓಡಿಸಿದ್ದಾನೆ. ನಮ್ಮ ನಾಡಿನದೇ ಬೇಕೆಂದರೆ ಬೆಂಗಳೂರಿನ ಕ್ರಿಪ್ಟೋಸ್. 1998ರಿಂದ ಹಟ ಹಿಡಿದು ನುಡಿಸುತ್ತಿರುವವರು. ಜುಲೈನ ‘ಡೆಸಿಮೇಟರ್’ ಪೂರಾ ಎಂಬತ್ತರ ದಶಕದ ಜೋಡಿ ಗಿಟಾರು. ಹೊಸದೇನಿಲ್ಲ ಅನ್ನುವವರು ಅನ್ನಲಿ, ಜೋಳದ ರೊಟ್ಟಿಯಲ್ಲಿ ಯಾರು ಹೊಸದು ಹುಡುಕುತ್ತಾರೆ?

ಆದರೆ ನಮ್ಮನ್ನು ಕೆಡಿಸಿದ್ದು ನವೆಂಬರ್‌ನಲ್ಲಿ ಬಂದ, ಸ್ವೀಡನ್ನಿನ ಓಪೆತ್‌ನ ‘ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’. 2008ರ ‘ವಾಟರ್‌ಶೆಡ್’ ಆದಮೇಲೆ ಬಿಟ್ಟಿದ್ದ ಗುಡುಗುದನಿ ಇದರಲ್ಲಿ ವಾಪಸ್ಸಾಗಿದೆ. ಜೆಥ್ರೊ ಟಲ್‌ನ ಇಯಾನ್ ಆಂಡರ್ಸನ್ ಕೊಳಲು ಊದಿದ್ದಾರೆ. ಕೊನೆಯದೊಂದು ಬಿಟ್ಟು ಹಾಡುಗಳಿಗೆ ಹೆಸರಿಲ್ಲ. ಕೋರ್ಟ್ ಕಾಗದದ ಹಾಗೆ ಬರೀ ಕಲಂ ನಂಬರು, ಒಂದರಿಂದ ಏಳು. ಕಥೆ ಇಷ್ಟೇ: ಮನೆಯ ಯಜಮಾನ ಸತ್ತಿದ್ದಾನೆ, ಮಕ್ಕಳ ಮುಂದೆ ಉಯಿಲು ಓದುತ್ತಾರೆ.

ಈ ವರ್ಷ ನಮ್ಮ ಅಪ್ಪನೂ ಹೋದ. ನವಲಗುಂದ ತಾಲ್ಲೂಕಿನಲ್ಲಿ ಆರೆಕರೆ ಎರಿಹೊಲ ಬಿಟ್ಟ, ಉಯಿಲು ಬಿಡಲಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನಾಗಿದೆ. ಅದರ ಮೇಲೆ ತಮ್ಮ ಸುದ್ದಿ ಬರೆದಿದ್ದಾನೆ, ಬೈಲೈನ್ ಬಂದಿದೆ. ಆದರೂ ಅಕ್ಕನ ಹೆಸರಿನಲ್ಲಿ ಹಕ್ಕು ಬಿಡುಗಡೆ ಪತ್ರ ಟೈಪಾಗಿದ್ದು ಅಣ್ಣನ ಅಂಗಡಿಯಲ್ಲೇ. ನಾವೇ ಕೂತು ಕಾಗುಣಿತ ತಿದ್ದಿದೆವು. ಫೋನಿನಲ್ಲಿ ಹೇಳಿದಾಗ ಅಕ್ಕ, "ಎಲ್ಲಿ ಸಹಿ ಮಾಡ್ಬೇಕು ಹೇಳ್ರಪಾ, ಬರ್ತೀನಿ" ಅಂದಳು. ಜಗಳವಾಡಿದ್ದರೆ ಚಲೋ ಇತ್ತು.

2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ, ನಮ್ಮಿಬ್ಬರ ಟಿಕೆಟ್ಟು, ಬಸ್ ಚಾರ್ಜು ಎರಡನ್ನೂ ಕೊಟ್ಟವಳು ಅಕ್ಕ. ಬ್ಲೌಸ್ ಹೊಲಿದು ಕೂಡಿಸಿಟ್ಟಿದ್ದ ದುಡ್ಡು. ಅಪ್ಪನಿಗೆ ನಾವು ಪರೀಕ್ಷೆ ಬರೆಯಲು ಹೋಗಿದ್ದೇವೆ ಅಂತ ಸುಳ್ಳು ಹೇಳಿದವಳೂ ಅವಳೇ.

ಓಪೆತ್ ಕಥೆಯಲ್ಲಿ ಆಸ್ತಿ ಎಲ್ಲ ಒಬ್ಬ ಮಗಳ ಪಾಲಿಗೆ ಬರುತ್ತದೆ. ಅದನ್ನು ಕೇಳುವಾಗ ಬಸ್ಸು ನವನಗರ ದಾಟುತ್ತಿತ್ತು. ಅಣ್ಣ ತನ್ನ ಕಿವಿಯ ತುದಿ ತೆಗೆದು ಕಿಟಕಿ ಕಡೆ ತಿರುಗಿದ. ಧಾರವಾಡ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಮರುದಿನ ಆ ಫೈಲು ಡಿಲೀಟಾಯಿತು. ಈಗ ವಾಟ್ನಿ ಪತ್ರ ಟೈಪಾಗುತ್ತಿದೆ, ಮೂರು ಹೆಸರು, ಎರಡೆರಡು ಎಕರೆ. ಬಾವಿ ಇರುವ ತುಂಡು ಯಾರಿಗೆ ಅನ್ನುವಲ್ಲಿ ನಿಂತಿದೆ.