ಹೊಸ ಕಾಗದವನ್ನ ಹಳೇದು ಮಾಡೋದು

ಫೋಟೋಶಾಪಿನಲ್ಲಿ ಹಳೇ ಕಾಗದದ ನೋಟ ತರೋಕೆ ಎರಡು ನಿಮಿಷ ಸಾಕು. ಆದ್ರೆ ನಮ್ಮಜ್ಜಿಗೆ ಗ್ಲಾಕೋಮಾದಿಂದ ಕಣ್ಣು ಕಾಣಲ್ಲ. ಒಳಗೆ ಬರೆದದ್ದನ್ನ ಅಮ್ಮ ಓದಿ ಹೇಳ್ತಾಳೆ; ಮಿಕ್ಕಂತೆ ಕಾರ್ಡು ಅಂದ್ರೆ ಬೆರಳಿಗೆ ಸಿಕ್ಕಿದ್ದಷ್ಟೇ. ಹಾಗಾಗಿ ಈ ಸಲದ ಯುಗಾದಿ ಕಾರ್ಡೂ ಕೈಯಲ್ಲೇ ಮಾಡ್ತಿದೀನಿ.

ಹತ್ತಿ ಬಟ್ಟೆ ಚೂರಿಂದ ಮಾಡಿದ ಕಾಗದ ಒಳ್ಳೇದು. ಅದರ ಎಳೆ ಉದ್ದ, ಮುದುರಿದ್ರೂ ಸುಲಭಕ್ಕೆ ಹರಿಯಲ್ಲ. ಆಫೀಸಿನ ಪ್ರಿಂಟರ್ ಹಾಳೆಗೆ ಈ ಮರ್ಯಾದೆ ಬೇಡ, ಒದ್ದೆಯಾದ್ರೆ ಕೈಗೇ ಕಿತ್ತು ಬರತ್ತೆ! ತುಸು ನೀರು ಚಿಮುಕಿಸಿ, ಉಂಡೆ ಮಾಡಿ, ನಿಧಾನಕ್ಕೆ ಬಿಡಿಸಿ ಒಣಗಿಸಿ. ಆಮೇಲೆ 220 ನಂಬರಿನ ಉಪ್ಪು ಕಾಗದದಿಂದ ಸುಕ್ಕಿನ ಉಬ್ಬುಗಳ ಮೇಲೆ ಮಾತ್ರ ಮೆಲ್ಲಗೆ ಉಜ್ಜಿ. ಎಳೆ ಎದ್ದು, ಮುಟ್ಟಿದ್ರೆ ಉಟ್ಟು ಸವೆದ ಕಾಟನ್ ಸೀರೆ ಥರ ಆಗತ್ತೆ. ಅಂಚಿಗೆ ಕತ್ತರಿ ಹಾಕ್ಬೇಡಿ. ಮಡಿಸಿ, ಆ ಗೆರೆಯುದ್ದಕ್ಕೂ ಒದ್ದೆ ಬ್ರಷ್ ಎಳೆದು, ಎರಡೂ ಕಡೆ ಜಗ್ಗಿ ಹರೀರಿ.

ಬಣ್ಣಕ್ಕೆ ಹಾಲಿಲ್ಲದ ಟೀ ಡಿಕಾಕ್ಷನ್. ಒಣಗುವಾಗ ಬಣ್ಣ ಅಂಚಿಗೆ ಓಡಿ ಅಲ್ಲೇ ಗಾಢವಾಗತ್ತೆ, ಕಾಫಿ ಲೋಟದಡಿಯ ಕಲೆ ಥರಾನೇ. ಟೀಯಲ್ಲಿ ಸ್ವಲ್ಪ ಆಮ್ಲ ಇರೋದ್ರಿಂದ ವರ್ಷಗಳು ಕಳೆದಂತೆ ಕಾಗದ ಪೆಡಸಾಗತ್ತೆ. ಜೋಪಾನ ಮಾಡಿಡೋ ಕಾರ್ಡಾದ್ರೆ ಟೀ ಬೇಡ ಅಂತ್ಲೇ ಹೇಳ್ತೀನಿ.

ಅಜ್ಜಿ ಕಾರ್ಡಿಗೆ ಮಾತ್ರ ಧಾರಾಳವಾಗಿ ಹಾಕ್ತೀನಿ. ಹೋದ ವರ್ಷದ್ದನ್ನ ಮೂಸಿ ನೋಡಿ "ಟೀ ಪುಡಿ ಕಮ್ಮಿ ಆಯ್ತಲ್ಲೋ" ಅಂದಿದ್ಲು. ಅವಳಿಗೀಗ 88.