ಎಷ್ಟು ಕೈ ಹೇಳಿ

ನಮ್ಮ ವಿಂಗ್‌ನಲ್ಲಿ ಕೀಬೋರ್ಡ್ ನುಡಿಸೋನು ಒಬ್ಬನೇ. ಅವನ ಬಲಗೈಗೆ ಪ್ಲಾಸ್ಟರ್ ಬಿದ್ದ ದಿನವೇ ನಾವು ಫೆಸ್ಟ್ ಲಿಸ್ಟ್‌ನಿಂದ ಅವನ ಹೆಸರು ತೆಗೆಸಿದೆವು. ಅವನನ್ನ ಕೇಳಲಿಲ್ಲ. ಪಾಪ, ಒಂದು ಕೈಯಲ್ಲಿ ಏನು ನುಡಿಸ್ತಾನೆ ಅಂತ. ನೋಡಿ ಬೇಜಾರಾಗದಿರಲಿ ಅಂತ ಕೀಬೋರ್ಡನ್ನೂ ಮಂಚದ ಕೆಳಗೆ ತಳ್ಳಿದೆವು.

ಎರಡು ದಿನ ಮಾತಾಡದೆ ಇದ್ದವನು ರಾತ್ರಿ ಗ್ರೂಪಿಗೆ ಒಂದು ರೆಕಾರ್ಡಿಂಗ್ ಹಾಕಿದ. ಫ್ರಾನ್ಸಿನ ರವೆಲ್ ಬರೆದ ಪಿಯಾನೋ ಕಾನ್ಸರ್ಟೊ. ಫೋನ್ ಸ್ಪೀಕರ್‌ನಲ್ಲಿ ಏನೂ ಕೇಳಿಸಲಿಲ್ಲ, ನೆಟ್ ಹೋಗಿದೆ ಅಂದ್ಕೊಂಡೆವು. ಇಯರ್‌ಫೋನ್ ಹಾಕಿದ ಮೇಲೆ ಗೊತ್ತಾಯ್ತು: ಡಬಲ್ ಬಾಸ್, ಕಾಂಟ್ರಾಬಸೂನ್ ನೆಲದಡಿಯಿಂದ ಗೊಣಗಿದ ಹಾಗೆ ಶುರುವಾಗುತ್ತೆ. ಅಷ್ಟು ಕೆಳಗಿನ ಸ್ವರ ನಮ್ಮ ಫೋನಿಗೆ ಎಟುಕಲ್ಲ. ಆಮೇಲೆ ಪಿಯಾನೋ ಬಂತು ನೋಡಿ, ಈ ತುದಿಯಿಂದ ಆ ತುದಿವರೆಗೆ. "ಎಷ್ಟು ಕೈ ಹೇಳ್ರೋ" ಅಂತ ಅವನ ಮೆಸೇಜ್. ಎರಡು ಅಂದ್ವಿ. ನಮ್ಮಲ್ಲೊಬ್ಬ ನಾಲ್ಕು ಅಂದ.

ಒಂದೇ. ಅದೂ ಎಡಗೈ.

ಬರೆಸಿದ್ದು ವಿಯೆನ್ನಾದ ಪಿಯಾನೋ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್, ತತ್ತ್ವಜ್ಞಾನಿ ಲುಡ್ವಿಗ್ ಅವರ ಅಣ್ಣ. 1914ರಲ್ಲಿ, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳ್ಕೊಂಡರು. ರಷ್ಯನ್ನರ ಸೆರೆಯಲ್ಲಿದ್ದಾಗಲೇ ಎಡಗೈ ಅಭ್ಯಾಸ ಶುರು ಮಾಡಿದರು. ಆಮೇಲೆ ದೊಡ್ಡ ದೊಡ್ಡ ಸಂಗೀತಗಾರರಿಗೆ ದುಡ್ಡು ಕೊಟ್ಟು ಎಡಗೈಗೆಂದೇ ಕೃತಿಗಳನ್ನ ಬರೆಸಿದರು. (ಭಾರಿ ಶ್ರೀಮಂತರ ಮನೆ, ಅದನ್ನೂ ಹೇಳಬೇಕು.) ಪ್ರೊಕೊಫೀವ್ ಬರೆದುಕೊಟ್ಟದ್ದನ್ನ ನುಡಿಸಲೇ ಇಲ್ಲ. ರವೆಲ್ ಕೃತಿಯನ್ನ 1932ರಲ್ಲಿ ವಿಯೆನ್ನಾದಲ್ಲಿ ನುಡಿಸಿದರು, ಆದರೆ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡು. ರವೆಲ್‌ಗೆ ವಿಪರೀತ ಸಿಟ್ಟು ಬಂತು. ನಮಗೆ ಈ ಜಗಳವೇ ಹಿಡಿಸಿತು. ಪಾಪ, ಒಂದೇ ಕೈ ಅಂತ ರವೆಲ್ ಬಿಡಲಿಲ್ಲ.

ಹೇಗೆ ಸಾಧ್ಯ ಅಂತ ಕೇಳಿದ್ದಕ್ಕೆ ಅವನು ಮೇಜಿನ ಮೇಲೆ ಬೆರಳಿಟ್ಟು ತೋರಿಸಿದ. ಎಡಗೈಯ ಹೆಬ್ಬೆರಳು ಮೇಲಿನ ಸ್ವರಗಳ ಕಡೆ ಇರುತ್ತೆ, ಹಾಗಾಗಿ ಗಟ್ಟಿ ಬೆರಳಿಗೇ ಮುಖ್ಯ ರಾಗ ಸಿಗುತ್ತೆ. ಬಲಗೈಯಲ್ಲಾದರೆ ಆ ಕೆಲಸ ಪಾಪದ ಕಿರುಬೆರಳಿಗೆ. ಕೆಳಗಿನ ಸ್ವರ ಹೊಡೆದು ಪೆಡಲ್ ಒತ್ತಿದರೆ ತಂತಿ ಮೊಳಗ್ತಾನೇ ಇರುತ್ತೆ, ಅಷ್ಟರಲ್ಲಿ ಕೈ ಮೇಲಕ್ಕೆ ಹಾರಿರುತ್ತೆ.

ಹೆಸರು ವಾಪಸ್ ಸೇರಿಸೋಕೆ ಹೋದೆವು, ಲಿಸ್ಟ್ ಕ್ಲೋಸ್ ಆಗಿತ್ತು. ಅದನ್ನ ಅವನಿಗೆ ಹೇಳೋಕೆ ಇಬ್ಬಿಬ್ಬರಾಗಿ ಹೋಗಿ ಹೇಳದೇ ವಾಪಸ್ ಬಂದೆವು. ಕೊನೆಗೆ ಕೀಬೋರ್ಡ್ ಎಳೆದು, ಧೂಳು ಒರೆಸಿ, ಮೇಜಿನ ಮೇಲಿಟ್ಟು, ಹೇಳಿದೆವು. "ಗೊತ್ತು" ಅಂದ, ಅಷ್ಟೇ.

ಪಿಯಾನೋಗೆ 88 ಕೀ, ಅವನದಕ್ಕೆ 61. ರವೆಲ್ ಅದರಲ್ಲಿ ಹಿಡಿಸಲ್ಲ. ಸ್ಕ್ರಿಯಾಬಿನ್ ಬಲಗೈ ನೋಯಿಸಿಕೊಂಡು 1894ರಲ್ಲಿ ಎಡಗೈಗೆ ಬರೆದ ನಾಕ್ಟರ್ನ್ ಇದೆ, ಅದರ ಮೊದಲ ಸಾಲನ್ನ ಈಗ ರಾತ್ರಿ ಹತ್ತರವರೆಗೂ ತಿದ್ದುತ್ತಾನೆ. ಪೆಡಲ್ ಇಲ್ಲದೆ ಸ್ವರ ನಡುವೆ ಕಡಿದು ಹೋಗುತ್ತೆ. ಒಂದು ಪೆಡಲ್‌ಗೆ ನಾವು ದುಡ್ಡು ಸೇರಿಸ್ತಿದೀವಿ. ಈ ಸಲ ಅವನನ್ನ ಕೇಳಿದೀವಿ.